ಮಂಡಿಯೊಳಗಿನ ಹರಕು: ಹೊಲಿಗೆಯೋ, ಕತ್ತರಿಯೋ?

ಎಂಆರ್‌ಐ ವರದಿಯಲ್ಲಿ ‘ಮೆನಿಸ್ಕಸ್ ಹರಿದಿದೆ’ ಎಂದು ಬಂದರೆ ಎಲ್ಲರೂ ಕೇಳುವುದು ಆಪರೇಷನ್ ಬೇಕೇ ಎಂದು. ಹರಿದಿರುವುದು ಎಲ್ಲಿ ಎಂಬುದು ತಿಳಿಯದೆ ಅದಕ್ಕೆ ಉತ್ತರ ಹೇಳಲಾಗುವುದಿಲ್ಲ.

ತೊಡೆಮೂಳೆಯ ತುದಿ ದುಂಡಗೆ, ಅದರ ಕೆಳಗಿರುವ ಕಣಕಾಲಿನ ಮೂಳೆಯ ತಲೆ ಹೆಚ್ಚುಕಡಿಮೆ ಚಪ್ಪಟೆ. ಈ ಹೊಂದದ ಜೋಡಿಯ ನಡುವಿನ ಸಂದಿನಲ್ಲಿ ಅರ್ಧಚಂದ್ರಾಕಾರದ ಎರಡು ಮೃದ್ವಸ್ಥಿಗಳಿವೆ, ಮಂಡಿಯ ಒಳಬದಿಗೊಂದು, ಹೊರಬದಿಗೊಂದು. ಇವೇ ಮೆನಿಸ್ಕಸ್‌ಗಳು. ಕಾಲು ನೆಟ್ಟಗಿದ್ದಾಗ ಮಂಡಿಯ ಮೇಲಿನ ಭಾರದ ಸುಮಾರು ಅರ್ಧವನ್ನು, 90 ಡಿಗ್ರಿ ಮಡಚಿದಾಗ ಸುಮಾರು ಶೇ. 85ರಷ್ಟನ್ನು ಇವೇ ಹೊರುತ್ತವೆ. ಒಳಗಿನ ಕೊಲಾಜನ್ ಎಳೆಗಳು ಬಹುಪಾಲು ಅಂಚಿನ ಉದ್ದಕ್ಕೂ ಸುತ್ತುವರಿದಿರುತ್ತವೆ. ಭಾರ ಬಿದ್ದಾಗ ಮೆನಿಸ್ಕಸ್ ಹೊರಕ್ಕೆ ಜಾರದಂತೆ, ಪೀಪಾಯಿಗೆ ಬಿಗಿದ ಕಬ್ಬಿಣದ ಪಟ್ಟಿಯಂತೆ, ಅವು ಹಿಡಿದಿಡುತ್ತವೆ.

ಇಷ್ಟು ಕೆಲಸ ಮಾಡುವ ಅಂಗವನ್ನು ವೈದ್ಯಲೋಕ ಬಹುಕಾಲ ಲೆಕ್ಕಕ್ಕೇ ಇಟ್ಟಿರಲಿಲ್ಲ. 1883ರಲ್ಲೇ ಎಡಿನ್‌ಬರೋದ ಶಸ್ತ್ರವೈದ್ಯ ಥಾಮಸ್ ಆನಂಡೇಲ್ ಮಂಡಿ ತೆರೆದು ಹರಿದ ಮೆನಿಸ್ಕಸ್ ಹೊಲಿದಿದ್ದರು. ಆದರೆ ನಾಲ್ಕು ವರ್ಷಗಳ ನಂತರ ಇಂಗ್ಲೆಂಡಿನ ಶಸ್ತ್ರವೈದ್ಯ ಬ್ಲಾಂಡ್-ಸಟನ್ ಅದನ್ನು ಯಾವುದೋ ಸ್ನಾಯುವಿನ ಕೆಲಸವಿಲ್ಲದ ಪಳೆಯುಳಿಕೆ ಎಂದರು. ಆ ಮಾತೇ ಗೆದ್ದಿತು, ಹರಿದರೆ ಇಡಿಯಾಗಿ ತೆಗೆದುಹಾಕುವುದೇ ರೂಢಿಯಾಯಿತು. ಹಾಗೆ ತೆಗೆದ ಮಂಡಿಗಳಲ್ಲಿ ಸವೆತದ ಗುರುತುಗಳು ಎಕ್ಸ್‌ರೇಯಲ್ಲಿ ಕಾಣುತ್ತವೆ ಎಂದು ಇಂಗ್ಲೆಂಡಿನ ವೈದ್ಯ ಫೇರ್‌ಬ್ಯಾಂಕ್ 1948ರಲ್ಲಿ ತೋರಿಸಿದರು. ಅಷ್ಟು ತಡವಾಗಿ ಬುದ್ಧಿ ಬಂತು. ಮಂಡಿಯನ್ನು ಅಗಲಕ್ಕೆ ತೆರೆಯದೆ, ದುರ್ಬೀನಿನ ಮೂಲಕ ಹೊಲಿಯುವ ವಿಧಾನ 1969ರಲ್ಲಿ ಟೋಕಿಯೊದ ಹಿರೋಶಿ ಇಕೆಉಚಿಯವರಿಂದ ಶುರುವಾಯಿತು.

ಹೊಲಿಗೆ ಕೂಡುವುದಕ್ಕೆ ರಕ್ತ ಬೇಕು. ದೊಡ್ಡವರ ಮೆನಿಸ್ಕಸ್‌ನಲ್ಲಿ ಹೊರ ಅಂಚಿನ ಶೇ. 10ರಿಂದ 30ರಷ್ಟು ಅಗಲಕ್ಕೆ ಮಾತ್ರ ರಕ್ತನಾಳಗಳಿವೆ. ಇದು ಕೆಂಪು ವಲಯ. ಒಳ ಅಂಚಿನ ಬಿಳಿ ವಲಯಕ್ಕೆ ಕೀಲಿನ ದ್ರವವೇ ಆಹಾರ. ಅಲ್ಲಿ ಎಷ್ಟೇ ಚೆನ್ನಾಗಿ ಹೊಲಿದರೂ ಅಂಚುಗಳು ಕೂಡುವುದು ಕಷ್ಟ, ಹಾಗಾಗಿ ಸಡಿಲ ತುಂಡನ್ನಷ್ಟೇ ಕತ್ತರಿಸಿ ನಯಗೊಳಿಸುತ್ತಾರೆ. ಹರೆಯದವರು, ಉದ್ದಕ್ಕೆ ಸೀಳಿದ ಹರಕು, ಹೊರ ಅಂಚಿಗೆ ಹತ್ತಿರ: ಈ ಮೂರೂ ಕೂಡಿದರೆ ಹೊಲಿಗೆಗೆ ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಕಬಡ್ಡಿಯಲ್ಲೋ ಫುಟ್‌ಬಾಲಿನಲ್ಲೋ ಕಾಲು ತಿರುಚಿ, ಹರಿದ ಪಟ್ಟಿ ಕೀಲಿನ ನಡುವೆ ಮಗುಚಿಕೊಂಡು ಮಂಡಿ ಸಿಕ್ಕಿಬಿದ್ದಿದ್ದರೆ ತಿಂಗಳುಗಟ್ಟಲೆ ಕಾಯುವಂತಿಲ್ಲ.

ಆಪರೇಷನ್‌ಗೆ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸುತ್ತಾರೆ. ಮಂಡಿಚಿಪ್ಪಿನ ಕೆಳಗೆ, ಸ್ನಾಯುರಜ್ಜುವಿನ ಅಕ್ಕಪಕ್ಕ, ಒಂದು ಸೆಂಟಿಮೀಟರಿಗಿಂತ ಚಿಕ್ಕ ಎರಡು ರಂಧ್ರ. ಒಂದರಲ್ಲಿ 4 ಮಿಲಿಮೀಟರ್ ದಪ್ಪದ ದುರ್ಬೀನು, ಅಂದರೆ ಆರ್ಥ್ರೊಸ್ಕೋಪ್. ಅದರ ತುದಿ 30 ಡಿಗ್ರಿ ಓರೆ, ಹಾಗಾಗಿ ತಿರುಗಿಸಿದರೆ ಮೂಲೆಮೂಲೆಯೂ ಕಾಣುತ್ತದೆ. ಇನ್ನೊಂದು ಉಪಕರಣಗಳಿಗೆ. ಸಲೈನ್ ಹರಿಸಿ ಕೀಲನ್ನು ಉಬ್ಬಿಸಿಟ್ಟಿರುತ್ತಾರೆ.

ಮೊದಲು ಕೊಕ್ಕೆಯಂಥ ಪ್ರೋಬ್‌ನಿಂದ ಹರಕನ್ನು ಎಳೆದು ನೋಡುತ್ತಾರೆ. ಎಷ್ಟು ಉದ್ದ, ಎಷ್ಟು ಅಲುಗುತ್ತದೆ ಎಂಬುದು ಆಗಲೇ ಖಚಿತವಾಗುವುದು. ಎಂಆರ್‌ಐಯಲ್ಲಿ ಹೊಲಿಯಬಹುದೆಂದು ಕಂಡದ್ದು ಇಲ್ಲಿ ಚಿಂದಿಯಾಗಿರಬಹುದು. ಆಮೇಲೆ ಎರಡೂ ಅಂಚುಗಳನ್ನು ಅರದಿಂದ ಉಜ್ಜಿ ಹಸಿ ಮಾಡುತ್ತಾರೆ. ಇದನ್ನು ಬಿಟ್ಟರೆ ಹೊಲಿಗೆ ಬಿಗಿಯಾಗಿದ್ದರೂ ಗಾಯ ಕೂಡದೆ ಉಳಿಯಬಹುದು. ಹೊಲಿಗೆಗಳ ನಡುವೆ 3ರಿಂದ 5 ಮಿಲಿಮೀಟರ್ ಅಂತರ. ಲಂಬವಾಗಿ ಹಾಕಿದ ಹೊಲಿಗೆ ಸುತ್ತು ಎಳೆಗಳನ್ನು ಅಡ್ಡಲಾಗಿ ತಬ್ಬಿ ಹಿಡಿಯುತ್ತದೆ. ಎಳೆಗಳ ಉದ್ದಕ್ಕೇ ಮಲಗಿಸಿ ಹಾಕಿದ್ದು ಅವುಗಳ ನಡುವೆಯೇ ಜಾರಿ ಕೊಯ್ದುಕೊಂಡು ಬರಬಹುದು. ಒಳಬದಿಯಲ್ಲಿ ಸೂಜಿ ಹೊರಬರುವಾಗ ಸಫೀನಸ್ ನರಕ್ಕೆ, ಹೊರಬದಿಯಲ್ಲಿ ಪೆರೋನಿಯಲ್ ನರಕ್ಕೆ ತಗಲುವ ಭಯ. ಮಂಡಿಯ ಹಿಂದೆಯೇ ದೊಡ್ಡ ರಕ್ತನಾಳವಿದೆ, ಹಾಗಾಗಿ ಹಿಂಭಾಗದಲ್ಲಿ ಸೂಜಿ ಎಷ್ಟು ಆಳಕ್ಕೆ ಹೋಗಬೇಕೆಂದು ಮೊದಲೇ ಮಿತಿ ಇಟ್ಟುಕೊಳ್ಳುತ್ತಾರೆ.

ನಮ್ಮಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಬೇರಿನ ಹರಕು. ಕುಕ್ಕರುಗಾಲಲ್ಲಿ ಕೂತು ಏಳುವಾಗಲೋ, ಮೆಟ್ಟಿಲು ಇಳಿಯುವಾಗಲೋ ಮಂಡಿಯ ಹಿಂದೆ ‘ಟಕ್’ ಎಂದು, ಆಮೇಲೆ ನಡೆಯಲಾಗದಷ್ಟು ನೋವು; ಹೆಚ್ಚಾಗಿ ನಡುವಯಸ್ಸಿನ ಹೆಂಗಸರಲ್ಲಿ. ಮೆನಿಸ್ಕಸ್ ಮೂಳೆಗೆ ಅಂಟಿದ ತುದಿಯೇ ಕಿತ್ತುಬಂದಿರುತ್ತದೆ. ಆಗ ಪೀಪಾಯಿಯ ಪಟ್ಟಿ ಪೂರ್ತಿ ಬಿಚ್ಚಿದಂತೆ, ಮೆನಿಸ್ಕಸ್ ಇದ್ದೂ ಇಲ್ಲದ ಹಾಗೆ. ಸವೆತ ಇನ್ನೂ ಹೆಚ್ಚಿಲ್ಲದಿದ್ದರೆ ಕಣಕಾಲಿನ ಮೂಳೆಯಲ್ಲಿ ಸುರಂಗ ಕೊರೆದು, ದಾರವನ್ನು ಅದರ ಮೂಲಕ ಎಳೆದು ಕಟ್ಟುತ್ತಾರೆ.

ಸವೆತದಿಂದ ನಿಧಾನಕ್ಕೆ ನವೆದ ಹರಕಿನ ಮಾತು ಬೇರೆ. 2013ರಲ್ಲಿ ಪ್ರಕಟವಾದ ಫಿನ್‌ಲೆಂಡ್‌ನ ಪ್ರಯೋಗವೊಂದರಲ್ಲಿ 35ರಿಂದ 65 ವಯಸ್ಸಿನ 146 ಮಂದಿಯಲ್ಲಿ ಕೆಲವರಿಗೆ ಹರಿದ ಭಾಗ ಕತ್ತರಿಸಿ, ಉಳಿದವರಿಗೆ ಕತ್ತರಿಸಿದಂತೆ ನಟಿಸಿದ್ದರು. ವರ್ಷದ ನಂತರ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಇಂಥವರಿಗೆ ಮೊದಲ ಮದ್ದು ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವೇ.

ಹರಿದ ಭಾಗ ಕತ್ತರಿಸಿಕೊಂಡವರು ಸಾಮಾನ್ಯವಾಗಿ ಅಂದೇ ನಡೆಯುತ್ತಾರೆ. ಹೊಲಿಸಿಕೊಂಡವರಿಗೆ 4ರಿಂದ 6 ವಾರ ಬ್ರೇಸ್, ಊರುಗೋಲು, 90 ಡಿಗ್ರಿಗಿಂತ ಹೆಚ್ಚು ಮಡಚುವಂತಿಲ್ಲ. ಕುಕ್ಕರುಗಾಲು, ಚಕ್ಕಳಮಕ್ಕಳ ಕನಿಷ್ಠ ನಾಲ್ಕು ತಿಂಗಳು ಬೇಡ, ಆಟಕ್ಕೆ ಸುಮಾರು ಆರು. ಮನೆಯಲ್ಲಿರುವುದು ಭಾರತೀಯ ಶೈಲಿಯ ಶೌಚಾಲಯವಾದರೆ ಆಪರೇಷನ್‌ಗೆ ಮೊದಲೇ ಕಮೋಡ್ ಕುರ್ಚಿ ತಂದಿಡುವುದು ಲೇಸು. ಇಷ್ಟಾದರೂ ಐದು ವರ್ಷ ದಾಟುವುದರೊಳಗೆ ಸುಮಾರು ಐದರಲ್ಲೊಂದು ಹೊಲಿಗೆ ವಿಫಲವಾಗುತ್ತದೆ. ಮೀನಖಂಡದಲ್ಲಿ ಊತ, ನೋವು ಬಂದರೆ, ಜ್ವರದೊಂದಿಗೆ ಮಂಡಿ ಬಿಸಿಯಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ನೋವಿಲ್ಲದಿದ್ದರೂ ಕುತೂಹಲಕ್ಕೆಂದು ಮತ್ತೆ ಎಂಆರ್‌ಐ ಮಾಡಿಸುವುದು ಮಾತ್ರ ವ್ಯರ್ಥ. ಕೂಡಿಕೊಂಡ ಹರಕೂ ಅದರಲ್ಲಿ ವರ್ಷಾನುಗಟ್ಟಲೆ ಹರಕಿನಂತೆಯೇ ಕಾಣಬಹುದು.