ಹೀಟ್ ರೇಂಜ್: ಸ್ಪಾರ್ಕ್ ಪ್ಲಗ್ ತನ್ನ ಬಿಸಿ ಕಳೆದುಕೊಳ್ಳುವ ಬಗೆ

ಎಂಜಿನ್ನಿನೊಳಗೆ ಕಿಡಿ ಹಾರಿಸಿ ಪೆಟ್ರೋಲಿಗೆ ಬೆಂಕಿ ಹಚ್ಚುವ ಸ್ಪಾರ್ಕ್ ಪ್ಲಗ್ಗೊಂದನ್ನು ಕೈಗೆ ತೆಗೆದುಕೊಂಡು ಅದರ ಮೈ ನೋಡಿ. ‘ಬಿಪಿಆರ್6ಇಎಸ್’ ಎಂಬಂಥ ಒಂದು ಸಂಕೇತ ಅಚ್ಚಾಗಿರುತ್ತದೆ. ಎನ್‌ಜಿಕೆ ಕಂಪನಿಯ ಲೆಕ್ಕದಲ್ಲಿ ‘ಬಿ’ ಎಂದರೆ 14 ಮಿ.ಮೀ. ಥ್ರೆಡ್, ‘ಪಿ’ ಎಂದರೆ ಮುಂದಕ್ಕೆ ಚಾಚಿದ ಪಿಂಗಾಣಿ, ‘ಆರ್’ ಎಂದರೆ ಒಳಗೊಂದು ರೆಸಿಸ್ಟರ್ ಇದೆ, ‘ಇ’ ಎಂದರೆ ಥ್ರೆಡ್ಡಿನ ಉದ್ದ 19 ಮಿ.ಮೀ., ‘ಎಸ್’ ಎಂದರೆ ತಾಮ್ರದ ತಿರುಳಿನ ಸಾಮಾನ್ಯ ಪ್ಲಗ್. ಅಕ್ಷರಗಳ ನಡುವೆ ಒಂಟಿಯಾಗಿ ಕೂತಿರುವ ಆ 6 ಏನು ಹೇಳುತ್ತದೆ? ಅದೇ ಹೀಟ್ ರೇಂಜ್. ಪ್ಲಗ್ ಕೊಳ್ಳುವಾಗ ಹೆಚ್ಚಿನವರು ಥ್ರೆಡ್ ಕೂರುತ್ತದೋ ಇಲ್ಲವೋ ಎಂದಷ್ಟೇ ನೋಡುತ್ತಾರೆ. ಎಂಜಿನ್ನಿನ ಆಯಸ್ಸು ನಿಂತಿರುವುದು ಮಾತ್ರ ಈ ಅಂಕಿಯ ಮೇಲೆ.

ಈ ಪದದ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ‘ಹಾಟ್ ಪ್ಲಗ್’ ಹಾಕಿದರೆ ಕಿಡಿ ಜೋರಾಗುತ್ತದೆ, ಗಾಡಿಗೆ ಪಿಕಪ್ ಬರುತ್ತದೆ ಎಂದು ನಂಬಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಿಡಿಯ ಶಕ್ತಿಗೂ ಹೀಟ್ ರೇಂಜಿಗೂ ಸಂಬಂಧವೇ ಇಲ್ಲ. ಕಿಡಿಯ ಬಲ ಬರುವುದು ಇಗ್ನಿಷನ್ ಕಾಯಿಲ್‌ನಿಂದ. ಅದು ಹೇಗೆ ಹಾರುತ್ತದೆ ಎನ್ನುವುದು ತುದಿಗಳ ನಡುವಿನ ಗ್ಯಾಪಿಗೂ ಒಳಗಿನ ಒತ್ತಡಕ್ಕೂ ಸೇರಿದ್ದು. ಹೀಟ್ ರೇಂಜ್ ಹೇಳುವುದು ಒಂದೇ ಮಾತು: ತನ್ನ ಒಳತುದಿಗೆ ತಾಗಿದ ಬಿಸಿಯನ್ನು ಈ ಪ್ಲಗ್ ಎಷ್ಟು ಬೇಗ ಎಂಜಿನ್ನಿನ ಹೆಡ್ಡಿಗೆ, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳಕ್ಕೆ, ದಾಟಿಸುತ್ತದೆ. ಬೇಗ ದಾಟಿಸಿದರೆ ಕೋಲ್ಡ್ ಪ್ಲಗ್, ನಿಧಾನವಾಗಿ ದಾಟಿಸಿದರೆ ಹಾಟ್ ಪ್ಲಗ್. ಕನ್ನಡದಲ್ಲಿ ಇದನ್ನು ‘ಶಾಖ ವ್ಯಾಪ್ತಿ’ ಎಂದು ಬರೆದಿರುವುದುಂಟು. ಪದಕ್ಕೆ ಪದ ಸರಿ, ಅರ್ಥ ಮಾತ್ರ ದಾರಿ ತಪ್ಪುತ್ತದೆ. ನನ್ನನ್ನು ಕೇಳಿದರೆ ಇದಕ್ಕೆ ಹತ್ತಿರದ ಮಾತು ‘ಹದ’.

ದೋಸೆಯ ಕಾವಲಿ ನೆನೆಸಿಕೊಳ್ಳಿ. ಕಾವು ಸಾಲದಿದ್ದರೆ ಹಿಟ್ಟು ಅಂಟಿಕೊಳ್ಳುತ್ತದೆ, ಮೀರಿದರೆ ಸೀದುಹೋಗುತ್ತದೆ. ಪ್ಲಗ್ಗಿನ ಮೂಗಿಗೂ, ಅಂದರೆ ನಡುವಿನ ಎಲೆಕ್ಟ್ರೋಡನ್ನು ಸುತ್ತಿಕೊಂಡು ದಹನ ಕೋಣೆಗೆ ಮುಖ ಮಾಡಿರುವ ಪಿಂಗಾಣಿಯ ತುದಿಗೂ, ಇಂಥದ್ದೇ ಒಂದು ಹದವಿದೆ. ಅದು ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಿಂದ 850 ಡಿಗ್ರಿಯವರೆಗೆ. ಇದು ಪೆಟ್ರೋಲು ಮತ್ತು ಮಸಿಯ ಗುಣ ನಿರ್ಧರಿಸಿದ ಗಡಿ. ಯಾವ ಕಂಪನಿಯ ಪ್ಲಗ್ಗಾದರೂ, ಎಷ್ಟೇ ಬೆಲೆಯದ್ದಾದರೂ ಇದರೊಳಗೇ ಕೆಲಸ ಮಾಡಬೇಕು.

500ಕ್ಕಿಂತ ಕೆಳಗಿದ್ದರೆ ಮಸಿ ಕೂರುತ್ತದೆ. ಪೆಟ್ರೋಲು ಪೂರ್ತಿ ಉರಿಯದೆ ಉಳಿದ ಇಂಗಾಲ ಪಿಂಗಾಣಿಗೆ ಮೆತ್ತಿಕೊಳ್ಳುತ್ತದೆ. ಇಂಗಾಲ ವಿದ್ಯುತ್ತನ್ನು ಹಾಯಿಸುವ ವಸ್ತು. ಗಾಳಿಯ ಗ್ಯಾಪನ್ನು ಹಾರಿ ಕಿಡಿಯಾಗಬೇಕಿದ್ದ ಕರೆಂಟು, ಹಾರುವ ಕಷ್ಟವೇ ಬೇಡವೆಂದು ಈ ಮಸಿಯ ಮೇಲೇ ಹರಿದು ಹೊರಗಿನ ಲೋಹದ ಮೈ ಸೇರಿಬಿಡುತ್ತದೆ. ಗ್ಯಾರೇಜಿನಲ್ಲಿ ‘ಪ್ಲಗ್ ಶಾರ್ಟ್ ಆಗಿದೆ’ ಎನ್ನುವುದು ಇದಕ್ಕೇ. ಮೂಗು 500 ಡಿಗ್ರಿ ದಾಟಿತೆಂದರೆ ಅದೇ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಪ್ಲಗ್ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ.

850 ದಾಟಿ 900ರತ್ತ ಹೋದರೆ ಆಗುವುದು ಬೇರೆಯೇ ಅನಾಹುತ. ಮೂಗು ಕೆಂಡದಂತೆ ಕಾದು, ಕಿಡಿ ಹಾರುವ ಮೊದಲೇ ಪೆಟ್ರೋಲು-ಗಾಳಿಯ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ ಇನ್ನೂ ಮೇಲಕ್ಕೆ ಬರುತ್ತಿರುವಾಗಲೇ ಉರಿ ಅದನ್ನು ಕೆಳಕ್ಕೆ ಒತ್ತಲು ಶುರುಮಾಡುತ್ತದೆ. ಇದಕ್ಕೆ ಪ್ರಿ-ಇಗ್ನಿಷನ್ ಎನ್ನುತ್ತಾರೆ. ಇದು ಕೆಲವೇ ನಿಮಿಷ ಮುಂದುವರಿದರೂ ಪಿಸ್ಟನ್ನಿನ ತಲೆ ಕರಗಿ ತೂತಾಗಬಹುದು. ಮಸಿ ಕಟ್ಟಿದ ಪ್ಲಗ್ ಗಾಡಿಯನ್ನು ರಸ್ತೆಯಲ್ಲಿ ನಿಲ್ಲಿಸುತ್ತದೆ, ಅಷ್ಟೇ. ಹದ ಮೀರಿ ಕಾದ ಪ್ಲಗ್ ಎಂಜಿನ್ನನ್ನೇ ತಿನ್ನುತ್ತದೆ. ಅದಕ್ಕೇ, ಯಾವುದು ಹಾಕಬೇಕೆಂದು ಗೊತ್ತಾಗದಿದ್ದಾಗ ತಪ್ಪು ಕೋಲ್ಡ್ ಕಡೆಗೇ ಆಗಲಿ ಎಂದು ತಿಳಿದವರು ಹೇಳುವುದು.

ಮಸಿಯ ಪಾಠ ನನಗೆ ಸಿಕ್ಕಿದ್ದು ನನ್ನ ಹಳೆಯ ಕಾರ್ಬ್ಯುರೇಟರ್ ಸ್ಕೂಟರಿನಿಂದ. ಮನೆಯಿಂದ ಬಸ್ ಸ್ಟ್ಯಾಂಡಿಗೆ ಎರಡು ಕಿ.ಮೀ., ಸಂಜೆ ಅಷ್ಟೇ ದೂರ ವಾಪಸ್. ಒಂದು ಮಳೆಗಾಲದಲ್ಲಿ ಬೆಳಗ್ಗೆ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗದು, ಆದರೂ ಮಿಸ್ಸಿಂಗ್. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ನನ್ನ ಮುಂದೆ ಹಿಡಿದರು. ಮೂಗು, ಸುತ್ತಲಿನ ಲೋಹದ ಉಂಗುರ, ಕಿಡಿ ಹಾರಿ ಸೇರುವ ಬಾಗಿದ ಕೊಕ್ಕೆ, ಎಲ್ಲವೂ ಒಂದೇ ಕಪ್ಪು. ಲಾಂದ್ರದ ಗಾಜಿಗೆ ಹಿಡಿದ ಮಸಿಯಂತೆ ಒಣಗಿ, ಬೆರಳು ತಾಗಿದರೆ ಉದುರುತ್ತಿತ್ತು. ‘ಪ್ಲಗ್ ಕೆಟ್ಟಿಲ್ಲ ಸಾರ್. ಗಾಡಿ ಕಾಯೋದ್ರೊಳಗೆ ಆಫ್ ಮಾಡ್ತೀರಿ. ಚೋಕ್ ಹಾಕಿ ಹೊರಡ್ತೀರಿ, ಚೋಕ್ ತೆಗೆಯೋ ಹೊತ್ತಿಗೆ ನಿಮ್ಮ ಬಸ್ ಸ್ಟ್ಯಾಂಡ್ ಬಂದಿರುತ್ತೆ’ ಎಂದರು. ನಿಜ. ಚೋಕ್ ಹಾಕಿದಷ್ಟು ಹೊತ್ತೂ ಎಂಜಿನ್ನಿಗೆ ಗಾಳಿ ಕಡಿಮೆ, ಪೆಟ್ರೋಲು ಹೆಚ್ಚು. ದಿನಕ್ಕೆ ಎರಡು ಸಲ ಎರಡೆರಡು ಕಿ.ಮೀ. ಓಡುವ ಗಾಡಿಯಲ್ಲಿ ಆ ಮೂಗು 500 ಡಿಗ್ರಿಯನ್ನು ಕಂಡೇ ಇರಲಿಲ್ಲ.

ಹಾಗಾದರೆ ಬಿಸಿ ದಾಟುವುದು ಹೇಗೆ? ದಹನ ಕೋಣೆಯ ಜ್ವಾಲೆ 2000 ಡಿಗ್ರಿಗೂ ಮೇಲೆ. ನಾಲ್ಕು ಸ್ಟ್ರೋಕಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಆ ಜ್ವಾಲೆ ಸೆಕೆಂಡಿಗೆ 25 ಸಲ ಮೂಗಿಗೆ ಬಡಿಯುತ್ತದೆ. ನಡುನಡುವೆ ತಣ್ಣನೆಯ ಹೊಸ ಮಿಶ್ರಣ ಬಂದು ತಾಗುತ್ತದೆ. ಉಳಿದ ಬಿಸಿ ಪಿಂಗಾಣಿಯೊಳಗೆ ಹಿಂದಕ್ಕೆ ಹರಿದು, ಪಿಂಗಾಣಿ ಲೋಹದ ಮೈಗೆ ಆನಿಕೊಂಡಿರುವ ಜಾಗದಲ್ಲಿ ಲೋಹಕ್ಕೆ ದಾಟಿ, ಅಲ್ಲಿಂದ ಥ್ರೆಡ್ ಮತ್ತು ವಾಷರ್ ಮೂಲಕ ಹೆಡ್ಡಿಗೆ ಹೋಗುತ್ತದೆ. ಮೂಗಿನ ತುದಿಯಿಂದ ಆ ಆನಿಕೆಯವರೆಗಿನ ದೂರವೇ ಹೀಟ್ ರೇಂಜಿನ ಗುಟ್ಟು. ಮೂಗು ಉದ್ದವಾಗಿದ್ದರೆ ಬಿಸಿಯ ದಾರಿ ಉದ್ದ, ಮೂಗು ಕಾದೇ ಇರುತ್ತದೆ: ಅದು ಹಾಟ್ ಪ್ಲಗ್. ಗಿಡ್ಡವಾಗಿದ್ದರೆ ದಾರಿ ಹತ್ತಿರ, ತಾಗುವ ಜ್ವಾಲೆಯೂ ಕಮ್ಮಿ: ಕೋಲ್ಡ್ ಪ್ಲಗ್. ಹೊರಗಿನಿಂದ ಎರಡೂ ಅಕ್ಕತಂಗಿಯರಂತೆ ಕಾಣುತ್ತವೆ. ತಿರುಗಿಸಿ, ಮೂಗಿನ ಸುತ್ತಲಿನ ಸಂದು ಎಷ್ಟು ಆಳಕ್ಕೆ ಇಳಿದಿದೆ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಇದರಿಂದಲೇ ಇನ್ನೊಂದು ಮಾತೂ ತಿಳಿಯುತ್ತದೆ. ಪ್ಲಗ್ ಸಡಿಲವಾಗಿ ಕೂತಿದ್ದರೆ ಬಿಸಿ ಹೋಗುವ ಬಾಗಿಲೇ ಮುಚ್ಚಿದಂತೆ. ಸರಿಯಾದ ಅಂಕಿಯ ಪ್ಲಗ್ಗೂ ಆಗ ಹದ ಮೀರಿ ಕಾಯುತ್ತದೆ. ವಾಷರ್ ಇರುವ ಹೊಸ ಪ್ಲಗ್ಗನ್ನು ಬೆರಳಲ್ಲೇ ಪೂರ್ತಿ ತಿರುಗಿಸಿ, ವಾಷರ್ ಕೂತ ಮೇಲೆ ಸ್ಪ್ಯಾನರಿನಿಂದ ಸುಮಾರು ಅರ್ಧ ಸುತ್ತು ಬಿಗಿ ಮಾಡುವ ರೂಢಿ ಬಂದಿರುವುದು, ಆ ವಾಷರ್ ಸರಿಯಾಗಿ ಅದುಮಿಕೊಂಡು ಗಾಳಿಗೂ ಬಿಸಿಗೂ ಒಳ್ಳೆಯ ಕೂಡಿಕೆ ಆಗಲಿ ಎಂದು.

ಅಂಕಿಗಳ ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ಕಂಪನಿಗಳ ನಡುವೆ ಒಮ್ಮತವಿಲ್ಲ. ಎನ್‌ಜಿಕೆ ಮತ್ತು ಡೆನ್ಸೋದಲ್ಲಿ ಅಂಕಿ ಏರಿದಷ್ಟೂ ಪ್ಲಗ್ ಕೋಲ್ಡ್. ಬಾಷ್ ಮತ್ತು ಚಾಂಪಿಯನ್‌ನಲ್ಲಿ ಅಂಕಿ ಏರಿದಷ್ಟೂ ಹಾಟ್. ಸಾಲದ್ದಕ್ಕೆ ಬಾಷ್‌ನ ಹಳೆಯ ಪದ್ಧತಿ ಇದಕ್ಕೆ ಉಲ್ಟಾ. ಡಬ್ಲ್ಯೂ175, ಡಬ್ಲ್ಯೂ225 ಎಂದು ಬರುತ್ತಿದ್ದ ಕಾಲದಲ್ಲಿ ಆ ಸಂಖ್ಯೆಯ ಮೂಲ, ಪರೀಕ್ಷೆಯ ಎಂಜಿನ್ನಿನಲ್ಲಿ ಪ್ಲಗ್ ಕೆಂಪಗೆ ಕಾದು ತಾನೇ ಬೆಂಕಿ ಹಚ್ಚಲು ಹಿಡಿಯುವ ಸೆಕೆಂಡುಗಳು. ಹೆಚ್ಚು ಹೊತ್ತು ತಡೆದದ್ದು ಹೆಚ್ಚು ಕೋಲ್ಡ್. ಅಳತೆಗಳಲ್ಲೆಲ್ಲ ನನಗೆ ಇಷ್ಟವಾದದ್ದು ಇದೇ. ಅಂಕಿ ನೋಡಿದರೆ ಅರ್ಥ ಕಣ್ಣಿಗೆ ಕಟ್ಟುತ್ತದೆ. ಬೆಂಗಳೂರಿನವರಿಗೆ ಆ ಹೆಸರುಗಳು ಪರಿಚಿತ: 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ಮೈಕೋ, ಬಾಷ್‌ನ ಸಹಯೋಗದಲ್ಲಿ ಪ್ಲಗ್ ತಯಾರಿಸುತ್ತಿತ್ತು. 2008ರಲ್ಲಿ ಅದರ ಹೆಸರೇ ಬಾಷ್ ಎಂದು ಬದಲಾಯಿತು. ಹಳೆಯ ಗ್ಯಾರೇಜುಗಳಲ್ಲಿ ಪ್ಲಗ್ಗಿಗೆ ‘ಮೈಕೋ’ ಎಂಬುದು ಪರ್ಯಾಯ ಪದದಂತೆಯೇ ಇತ್ತು.

ಪ್ಲಗ್ ಸುಧಾರಣೆಯ ಚರಿತ್ರೆಯನ್ನು ಈ ಹದದ ಕಣ್ಣಿನಿಂದ ನೋಡಿದರೆ ಎಲ್ಲ ಒಂದೇ ದಾರಕ್ಕೆ ಪೋಣಿಸಿದಂತೆ ಕಾಣುತ್ತದೆ. 1902ರಲ್ಲಿ ಬಾಷ್ ಕಂಪನಿಯ ಗಾಟ್ಲೋಬ್ ಹೊನೋಲ್ಡ್ ಕಿಡಿಗೆ ಬೇಕಾದ ವಿದ್ಯುತ್ತನ್ನು ಹುಟ್ಟಿಸುವ ಹೈ ವೋಲ್ಟೇಜ್ ಮ್ಯಾಗ್ನೆಟೋ ಮತ್ತು ಅದಕ್ಕೆ ಒಪ್ಪುವ ಪ್ಲಗ್ ಕೊಟ್ಟ ಮೇಲೆ ಕಿಡಿಯ ಸಮಸ್ಯೆ ಬಹುಮಟ್ಟಿಗೆ ಬಗೆಹರಿಯಿತು. ಎಂಜಿನ್ನಿನ ವೇಗವೂ ಒತ್ತಡವೂ ಏರಿದಂತೆ ಬಿಸಿಯ ಸಮಸ್ಯೆ ದೊಡ್ಡದಾಯಿತು. ಸಾಮಾನ್ಯ ಪಿಂಗಾಣಿ ಕಾವಿಗೆ ಸೀಳುಬಿಡುತ್ತಿತ್ತು. ಐರ್ಲೆಂಡ್ ಮೂಲದ ರೇಸ್ ಚಾಲಕ ಕೆನೆಲ್ಮ್ ಲೀ ಗಿನ್ನಿಸ್ ಅಭ್ರಕದ, ನಮ್ಮ ಮಾತಿನಲ್ಲಿ ಕಾಗೆ ಬಂಗಾರದ, ಹಾಳೆಗಳನ್ನು ಜೋಡಿಸಿ ಕೆಎಲ್‌ಜಿ ಪ್ಲಗ್ಗುಗಳನ್ನು ಮಾಡಿದ. ಪೆಟ್ರೋಲಿಗೆ ಸೀಸ ಬೆರೆಸತೊಡಗಿದ ಮೇಲೆ ಅಭ್ರಕವೂ ತಾಳಲಿಲ್ಲ. 1930ರ ದಶಕದಲ್ಲಿ ಜರ್ಮನಿಯ ಸೀಮೆನ್ಸ್ ಅಲ್ಯೂಮಿನಿಯಂ ಆಕ್ಸೈಡನ್ನು ಸುಟ್ಟು ಗಟ್ಟಿ ಮಾಡಿದ ಇನ್ಸುಲೇಟರ್ ತಂದಿತು. ಇವತ್ತು ನಾವು ಅಭ್ಯಾಸಬಲದಿಂದ ಪಿಂಗಾಣಿ ಎನ್ನುತ್ತಿರುವುದು ಈ ಅಲ್ಯೂಮಿನಾಕ್ಕೇ. ವಿದ್ಯುತ್ತನ್ನು ತಡೆಯುತ್ತ, ಬಿಸಿಯನ್ನು ಮಾತ್ರ ಹಳೆಯ ಪಿಂಗಾಣಿಗಿಂತ ಎಷ್ಟೋ ಚೆನ್ನಾಗಿ ಸಾಗಿಸುವ ವಸ್ತು ಅದು.

ಆಮೇಲೆ ಬಂದದ್ದು ತಾಮ್ರ. ವಿನ್ಯಾಸಕಾರನ ಸಂಕಟ ಏನೆಂದರೆ, ಊರೊಳಗೆ ತೆವಳುವಾಗ ಮೂಗು ಬೇಗ 500ಕ್ಕೆ ಏರಬೇಕು, ಹೆದ್ದಾರಿಯಲ್ಲಿ 850 ದಾಟಬಾರದು. ಉದ್ದ ಮೂಗು ಮೊದಲನೆಯದಕ್ಕೆ ಒಳ್ಳೆಯದು, ಎರಡನೆಯದಕ್ಕೆ ಕೆಟ್ಟದ್ದು. ಎಲೆಕ್ಟ್ರೋಡಿನ ನಿಕ್ಕೆಲ್ ಕವಚದೊಳಗೆ ತಾಮ್ರದ ತಿರುಳು ತುಂಬಿದಾಗ ಈ ಬಿಕ್ಕಟ್ಟು ಸಡಿಲವಾಯಿತು. ತಾಮ್ರ ಶುದ್ಧ ನಿಕ್ಕೆಲ್‌ಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚೆನ್ನಾಗಿ ಬಿಸಿ ಸಾಗಿಸುತ್ತದೆ. ಹಾಗಾಗಿ ಮೂಗನ್ನು ಉದ್ದವಿಟ್ಟೂ ಹೆಚ್ಚಾದ ಬಿಸಿಯನ್ನು ಒಳಗಿನಿಂದ ಎಳೆದುಹಾಕಬಹುದು. ಅಂಗಡಿಯಲ್ಲಿ ‘ಕಾಪರ್ ಪ್ಲಗ್’ ಎಂದು ಕೊಡುವುದರ ತುದಿ ತಾಮ್ರದ್ದಲ್ಲ. ಕಿಡಿಯ ಏಟಿಗೆ ತಾಮ್ರ ಬೇಗ ಸವೆದುಹೋಗುತ್ತದೆ. ತುದಿ ನಿಕ್ಕೆಲ್ ಮಿಶ್ರಲೋಹ, ತಾಮ್ರ ಒಡಲೊಳಗೆ.

ಸಂಕೇತದಲ್ಲಿದ್ದ ‘ಪಿ’ ಇನ್ನೂ ಚೆಂದದ ಉಪಾಯ. ಮೂಗನ್ನು ಲೋಹದ ಅಂಚಿನಿಂದ ಒಂದಿಷ್ಟು ಹೊರಕ್ಕೆ, ದಹನ ಕೋಣೆಯೊಳಕ್ಕೆ ಚಾಚಿಟ್ಟರು. ನಿಧಾನ ವೇಗದಲ್ಲಿ ಜ್ವಾಲೆಗೆ ನೇರವಾಗಿ ಒಡ್ಡಿಕೊಂಡು ಬೇಗ ಕಾಯುತ್ತದೆ. ವೇಗ ಏರಿದಾಗ ರಭಸದಿಂದ ನುಗ್ಗುವ ತಣ್ಣನೆಯ ಮಿಶ್ರಣವೇ ಅದನ್ನು ಆರಿಸುತ್ತದೆ. ಹೆಚ್ಚುವರಿ ಭಾಗ ಒಂದೂ ಇಲ್ಲ, ಇದ್ದದ್ದನ್ನೇ ಕೆಲವು ಮಿ.ಮೀ. ಮುಂದಕ್ಕಿಟ್ಟದ್ದು, ಅಷ್ಟೇ. ಇದನ್ನು ಯೋಚಿಸಿದವರ ಜಾಣ್ಮೆಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಇರಿಡಿಯಂ ಪ್ಲಗ್ ಬಗ್ಗೆ ಕೇಳದೆ ಯಾರೂ ಬಿಡುವುದಿಲ್ಲ. ನಿಕ್ಕೆಲ್ ತುದಿಯ ದಪ್ಪ ಸುಮಾರು 2.5 ಮಿ.ಮೀ. ಇದ್ದರೆ ಇರಿಡಿಯಂ ತುದಿಯನ್ನು 0.4 ಮಿ.ಮೀ.ವರೆಗೂ ಸಣ್ಣ ಮಾಡಬಹುದು, ಏಕೆಂದರೆ ಇರಿಡಿಯಂ ಕರಗುವುದು 2446 ಡಿಗ್ರಿಯಲ್ಲಿ. ಚೂಪು ತುದಿಯಿಂದ ಕಿಡಿ ಕಡಿಮೆ ವೋಲ್ಟೇಜಿಗೇ ಹಾರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಆಗಷ್ಟೇ ಹುಟ್ಟಿದ ಸಾಸಿವೆ ಕಾಳಿನಷ್ಟು ಜ್ವಾಲೆಯ ಬಿಸಿಯನ್ನು ದಪ್ಪ ಲೋಹ ಹೀರಿಕೊಂಡು ನಂದಿಸುವ ಅಪಾಯ ಕಡಿಮೆಯಾಗುತ್ತದೆ. ಕಾರುಗಳಲ್ಲಿ ಇಂಥ ಪ್ಲಗ್ಗು 1 ಲಕ್ಷ ಕಿ.ಮೀ.ವರೆಗೂ ಬಾಳುವುದುಂಟು. ಆದರೆ ಬಿಪಿಆರ್6ಇಎಸ್ ಬದಲು ಅದರ ಇರಿಡಿಯಂ ರೂಪ ಬಿಪಿಆರ್6ಇಐಎಕ್ಸ್ ಹಾಕಿದರೂ ನಡುವಿನ ಆ 6 ಹಾಗೇ ಇದೆ, ಗಮನಿಸಿ. ತುದಿ ಎಷ್ಟು ದುಬಾರಿಯಾದರೂ ಹೀಟ್ ರೇಂಜ್ ತಪ್ಪಿದ್ದರೆ ಪ್ಲಗ್ ತಪ್ಪೇ. ಹಾಗೆಯೇ ಇರಿಡಿಯಂ ತುದಿಯನ್ನು ಎಮೆರಿ ಪೇಪರಿನಿಂದ ಉಜ್ಜಬೇಡಿ. ಆ ಕೂದಲೆಳೆಯಂಥ ತುದಿ ಮುರಿದರೆ ಕೊಟ್ಟ ದುಡ್ಡೆಲ್ಲ ಹೋಯಿತು.

ಎರಡು, ನಾಲ್ಕು ಕೊಕ್ಕೆಗಳಿರುವ ಪ್ಲಗ್ಗುಗಳಲ್ಲಿ ಒಂದೇ ಸಲಕ್ಕೆ ನಾಲ್ಕು ಕಿಡಿ ಹಾರುವುದಿಲ್ಲ. ಪ್ರತಿ ಸಲ ಸುಲಭವಾದ ಒಂದು ದಾರಿಯಲ್ಲಿ ಹಾರುತ್ತದೆ, ಸವೆತ ಹಂಚಿಹೋಗುತ್ತದೆ. ನಿಜವಾಗಿ ಎರಡು ಕಡೆ ಬೆಂಕಿ ಹಚ್ಚಬೇಕೆಂದರೆ 2003ರ ಪಲ್ಸರ್ ಡಿಟಿಎಸ್-ಐನಲ್ಲಿ ಬಜಾಜ್ ಮಾಡಿದಂತೆ ಎರಡು ಪ್ಲಗ್ಗೇ ಬೇಕು.

ಈಗಿನ ಸವಾಲು ಜಾಗದ್ದು. ಹೆಡ್ಡಿನಲ್ಲಿ ವಾಲ್ವುಗಳಿಗೂ ನೀರಿನ ದಾರಿಗೂ ಸ್ಥಳ ಬೇಕೆಂದು ಥ್ರೆಡ್ 14ರಿಂದ 12ಕ್ಕೆ, 10 ಮಿ.ಮೀ.ಗೆ ಇಳಿದಿದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಜಿನ್ನುಗಳಲ್ಲಿ ಒತ್ತಡ ಹೆಚ್ಚಿರುವುದರಿಂದ ವೋಲ್ಟೇಜ್ ಮಾತ್ರ ಏರಬೇಕು. ತೆಳುವಾದ ಗೋಡೆಯಿಂದ ಹೆಚ್ಚಿನ ವೋಲ್ಟೇಜನ್ನೂ ಹೆಚ್ಚಿನ ಬಿಸಿಯನ್ನೂ ತಡೆಯಬೇಕಾಗಿರುವುದರಿಂದಲೇ ಅಲ್ಯೂಮಿನಾದೊಳಗಿನ ಕಣ್ಣಿಗೆ ಕಾಣದ ರಂಧ್ರಗಳನ್ನು ಕಡಿಮೆ ಮಾಡುವ ಕೆಲಸಕ್ಕೆ ಇಷ್ಟು ಮಹತ್ವ. 2020ರ ಮಾಸರಾಟಿ ಎಂಸಿ20 ಕಾರಿನಲ್ಲಿ ಪ್ಲಗ್ಗನ್ನು ತೂತುಗಳಿರುವ ಪುಟ್ಟ ಕೋಣೆಯೊಳಗೆ ಕೂರಿಸಿ, ಅಲ್ಲಿ ಹೊತ್ತಿದ ಉರಿಯನ್ನು ನಾಲಗೆಗಳಂತೆ ಸಿಲಿಂಡರಿಗೆ ಚಿಮ್ಮಿಸುತ್ತಾರೆ. ಪಕ್ಕದಲ್ಲಿ ಇನ್ನೊಂದು ಸಾಮಾನ್ಯ ಪ್ಲಗ್ಗನ್ನೂ ಇಟ್ಟಿದ್ದಾರೆ, ಕಡಿಮೆ ಹೊರೆಯಲ್ಲಿ ಓಡುವಾಗಿನ ಕೆಲಸಕ್ಕೆ.

ನಿಮ್ಮ ಗಾಡಿಯ ಪ್ಲಗ್ ಹದದಲ್ಲಿದೆಯೇ ಎಂದು ತಿಳಿಯಲು ಎಂಜಿನ್ ಆರಿದ ಮೇಲೆ ಬಿಚ್ಚಿ ನೋಡಿ. ಬಿಸಿಯಿದ್ದಾಗ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತುಬರಬಹುದು. ಮೂಗು ತೆಳು ಕಂದು ಅಥವಾ ಬೂದು ಬಣ್ಣಕ್ಕಿದ್ದರೆ ಸರಿ. ಒಣ ಕಪ್ಪು ಮಸಿಯಾದರೆ ಕಾವು ಸಾಲದು ಇಲ್ಲವೇ ಪೆಟ್ರೋಲು ಹೆಚ್ಚು; ಎಣ್ಣೆಯ ಜಿಡ್ಡಿದ್ದರೆ ದೋಷ ಪಿಸ್ಟನ್ ರಿಂಗಿನಲ್ಲೋ ವಾಲ್ವ್ ಸೀಲಿನಲ್ಲೋ. ಸುಣ್ಣದಂತೆ ಬಿಳಿಚಿ ಗುಳ್ಳೆ ಎದ್ದಿದ್ದರೆ ಗಾಡಿ ಓಡಿಸುವುದನ್ನು ನಿಲ್ಲಿಸಿ ಕಾರಣ ಹುಡುಕಿ. ಫ್ಯುಯೆಲ್ ಇಂಜೆಕ್ಷನ್ ಇರುವ ಹೊಸ ಗಾಡಿಗಳಲ್ಲಿ ಬಣ್ಣ ಅಷ್ಟು ಗಾಢವಾಗಿ ಮೂಡುವುದಿಲ್ಲ, ಹಗಲು ಬೆಳಕಿನಲ್ಲಿ ನೋಡಬೇಕು. ಅಂಕಿ ಬದಲಿಸುವುದು ಕೊನೆಯ ಉಪಾಯ. ಗಾಡಿಯ ಪುಸ್ತಕದಲ್ಲಿ ಕೊಟ್ಟಿರುವುದರಿಂದ ಒಂದು ಮೆಟ್ಟಿಲಿಗಿಂತ ಹೆಚ್ಚು ಸರಿಯಬೇಡಿ.

ನನ್ನ ಸ್ಕೂಟರಿಗೆ ಮೆಕ್ಯಾನಿಕ್ ಪ್ಲಗ್ ಬದಲಿಸಲಿಲ್ಲ. ಮಸಿ ತೆಗೆದು, ಗ್ಯಾಪ್ ಸರಿಮಾಡಿ, ಅದನ್ನೇ ಹಾಕಿ, ‘ಭಾನುವಾರ ಒಂದಿಪ್ಪತ್ತು ಕಿಲೋಮೀಟರ್ ಚೆನ್ನಾಗಿ ಓಡಿಸ್ಕೊಂಡು ಬನ್ನಿ’ ಎಂದರು. ಓಡಿಸಿ ಬಂದು, ಆರಲು ಬಿಟ್ಟು, ಸಂಜೆ ನಾನೇ ಬಿಚ್ಚಿ ನೋಡಿದೆ. ಬುಡದಲ್ಲಿ ಇನ್ನೂ ಒಂದು ಕಪ್ಪು ಉಂಗುರ ಉಳಿದಿತ್ತು. ತುದಿ ಮಾತ್ರ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು.