ಒಬ್ಬರೇ ಹೊರಟರೆ ಆಗುವುದಿಲ್ಲ

ಸುತ್ತ ನಿಂತವರೆಲ್ಲ ನಾಜಿ ಸೆಲ್ಯೂಟ್ ಹೊಡೆಯುತ್ತಿದ್ದಾರೆ, ಒಬ್ಬ ಮಾತ್ರ ಕೈಕಟ್ಟಿ ನಿಂತಿದ್ದಾನೆ. ಆ ಫೋಟೊ ನೀವು ನೋಡಿರಬಹುದು. 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ತೆಗೆದದ್ದು. 2019ರ ಅಕ್ಟೋಬರ್‌ನಲ್ಲಿ ಇದೇ ಫೋಟೊ ಹಾಕಿಕೊಂಡಿದ್ದಕ್ಕೆ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿತು. ಸಿಟ್ಟಿಗೆದ್ದ ಭಾರತದ ಸಾವಿರಾರು ಮಂದಿ ನವೆಂಬರ್‌ನಲ್ಲಿ ಮಾಸ್ಟೊಡಾನ್ ಎಂಬ ಜಾಲಕ್ಕೆ ಹೋದರು. ಆ ಗದ್ದಲ ಬೇಗ ತಣ್ಣಗಾಯಿತು.

ಮೂರು ವರ್ಷ ಬಿಟ್ಟು ಅದೇ ಕಥೆ, ಇನ್ನೂ ದೊಡ್ಡದಾಗಿ. 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಟ್ವಿಟರ್ ಕೊಂಡರು. ಮಾಸ್ಟೊಡಾನನ್ನು ತಿಂಗಳಿಗೆ ಬಳಸುವವರ ಸಂಖ್ಯೆ 3 ಲಕ್ಷದಿಂದ ಸುಮಾರು 25 ಲಕ್ಷಕ್ಕೇರಿತು. ಕೆಲವೇ ತಿಂಗಳಲ್ಲಿ ಆ ಸಂಖ್ಯೆ 20 ಲಕ್ಷಕ್ಕಿಂತ ಕೆಳಗಿಳಿಯಿತು.

ಜನರಿಗೆ ಛಲ ಇಲ್ಲ ಅಂತ ಬೈಯುವುದು ಸುಲಭ. ನನಗೇನೋ ಇದು ಛಲದ ಪ್ರಶ್ನೆ ಅಂತ ಅನ್ನಿಸುವುದಿಲ್ಲ. ಇದು ಲೆಕ್ಕದ ಪ್ರಶ್ನೆ.

ನಮ್ಮ ಕರಾವಳಿಯದ್ದೇ ಒಂದು ಉದಾಹರಣೆ ಇಟ್ಟುಕೊಳ್ಳೋಣ. ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು ನಮ್ಮದು. ತೋಟದ ಮನೆಗಳಲ್ಲಿ ಬೆಳಿಗ್ಗೆ ಮಳೆ ಅಳೆದು, ಸುಳ್ಯದಲ್ಲಿ ಎಷ್ಟು, ಕಾರ್ಕಳದಲ್ಲಿ ಎಷ್ಟು ಅಂತ ಹಂಚಿಕೊಳ್ಳುವವರಿದ್ದಾರೆ. ಅಂಥ ನೂರು ಜನ ಯಾವುದೋ ಕಂಪನಿಯ ಜಾಲತಾಣದಲ್ಲಿ ಗುಂಪು ಕಟ್ಟಿದ್ದಾರೆ ಅಂದುಕೊಳ್ಳಿ. ನೂರು ಜನರ ನಡುವೆ 4,950 ಜೋಡಿ ಸಂಪರ್ಕ ಸಾಧ್ಯ. ಹತ್ತೇ ಜನ ಬೇರೆ ಕಡೆ ಹೋದರೆ ಅಲ್ಲಿ ಬರೀ 45. ಜನ ಹತ್ತರಲ್ಲೊಂದು ಪಾಲಾದರೆ ಸಂಪರ್ಕ ನೂರರಲ್ಲೊಂದು ಪಾಲಿಗೂ ಕಮ್ಮಿ. ಹೊಸ ಜಾಗ ಎಷ್ಟೇ ಚೆನ್ನಾಗಿರಲಿ, ಮೊದಲು ಹೋದವರಿಗೆ ಅದು ಬಿಕೋ ಎನ್ನುತ್ತದೆ. ಬೆಳ್ತಂಗಡಿಯ ಮಳೆ ಲೆಕ್ಕ ಇನ್ನೂ ಹಳೇ ಕಡೆಯೇ ಬರುತ್ತಿದೆ, ಎಂತ ಮಾಡುವುದು ಮಾರಾಯ್ರೆ?

1978ರಲ್ಲಿ ಅಮೆರಿಕದ ಸಮಾಜವಿಜ್ಞಾನಿ ಮಾರ್ಕ್ ಗ್ರನೋವೆಟರ್ ಇಂಥದ್ದೇ ಒಂದು ಲೆಕ್ಕ ಹಾಕಿದ್ದರು. ಅವರು ಗಲಭೆಯ ಉದಾಹರಣೆ ಕೊಟ್ಟಿದ್ದರು, ನಾವು ಮಳೆ ಗುಂಪಿಗೇ ಹಚ್ಚೋಣ. ನೂರು ಜನರಲ್ಲಿ ಮೊದಲನೆಯವರು ಯಾರನ್ನೂ ಕಾಯದೆ ಹೊರಡುತ್ತಾರೆ. ಎರಡನೆಯವರು ಒಬ್ಬರು ಹೋದದ್ದು ನೋಡಿ ಹೊರಡುತ್ತಾರೆ. ಮೂರನೆಯವರಿಗೆ ಇಬ್ಬರು ಹೋಗಿರಬೇಕು. ಹೀಗೇ ಸಾಗಿದರೆ ನೂರಕ್ಕೆ ನೂರೂ ಖಾಲಿ. ಈಗ ಒಂದೇ ಬದಲಾವಣೆ ಮಾಡಿ. ಎರಡನೆಯವರು, 'ಇಬ್ಬರು ಹೋಗಲಿ, ಆಮೇಲೆ ನೋಡುವ' ಅಂದುಬಿಟ್ಟರು. ಮೊದಲನೆಯವರು ಹೋಗಿ ಒಬ್ಬರೇ ಕೂತಿರುತ್ತಾರೆ, ಉಳಿದ 99 ಜನ ಅಲ್ಲಾಡುವುದಿಲ್ಲ. ಎರಡೂ ಗುಂಪಿನಲ್ಲಿ ಅಸಮಾಧಾನ ಹೆಚ್ಚುಕಡಿಮೆ ಅಷ್ಟೇ. ಫಲಿತಾಂಶ ಮಾತ್ರ ಪೂರ್ತಿ ಉಲ್ಟಾ.

ಟ್ವಿಟರ್‌ನಿಂದ ಮಾಸ್ಟೊಡಾನ್‌ಗೆ ಹೋದ 1,36,009 ಜನರ ಮೇಲೆ 2023ರಲ್ಲಿ ಒಂದು ಅಧ್ಯಯನ ಬಂತು. ಅದರಲ್ಲಿ ಕಂಡದ್ದೂ ಇದಕ್ಕೆ ಹತ್ತಿರ: ಹೋಗುವ ತೀರ್ಮಾನದಲ್ಲಿ ಗೆಳೆಯರ ಪ್ರಭಾವ ಇತ್ತು. ಹೋದವರೂ ಎರಡು ಕಡೆ ಕಾಲಿಟ್ಟುಕೊಂಡೇ ಇದ್ದರು.

ಹಾಗಾದರೆ ಮಾಸ್ಟೊಡಾನ್‌ನಲ್ಲಿ ಹೊಸದೇನು? ಜಾಹೀರಾತಿಲ್ಲ, ಜಗಳ ಕಮ್ಮಿ ಎಂಬ ಉತ್ತರ ಸಾಮಾನ್ಯವಾಗಿ ಸಿಗುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಅದು ಒಂದೇ ತಾಣವಲ್ಲ, ಸಾವಿರಾರು ಸರ್ವರ್‌ಗಳ ಒಕ್ಕೂಟ. ಮಂಗಳೂರಿನಲ್ಲಿ ಯಾರೋ ಒಂದು ಸರ್ವರ್ ನಡೆಸಬಹುದು, ಮಣಿಪಾಲದ ವಿದ್ಯಾರ್ಥಿಗಳು ಇನ್ನೊಂದು. ಮಂಗಳೂರಿನವರು ಮಣಿಪಾಲದವರನ್ನು ಫಾಲೋ ಮಾಡಿದರೆ, ಅಲ್ಲಿನ ಪ್ರತಿ ಹೊಸ ಪೋಸ್ಟನ್ನು ಮಣಿಪಾಲದ ಸರ್ವರ್ ಮಂಗಳೂರಿನ ಸರ್ವರ್‌ಗೆ ತಲುಪಿಸುತ್ತದೆ, ಇಮೇಲ್ ಹೋದ ಹಾಗೆ. ಈ ಕೊಡು-ಕೊಳ್ಳುವಿಕೆಯ ನಿಯಮಾವಳಿಯ ಹೆಸರು ಆಕ್ಟಿವಿಟಿಪಬ್. ವೆಬ್‌ನ ನಿಯಮ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2018ರ ಜನವರಿಯಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ವಿಡಿಯೊಗೆ ಪಿಯರ್‌ಟ್ಯೂಬ್, ಫೋಟೊಗೆ ಪಿಕ್ಸೆಲ್‌ಫೆಡ್, ಚರ್ಚೆಗೆ ಲೆಮ್ಮಿ, ಎಲ್ಲ ಇದೇ ನಿಯಮದವು.

ಇದರಿಂದ ಹೊರಡುವ ಲೆಕ್ಕವೇ ಬದಲಾಗುತ್ತದೆ. ಸರ್ವರ್ ನಡೆಸುವವರ ವರಸೆ ಹಿಡಿಸಲಿಲ್ಲವೇ? ಇನ್ನೊಂದು ಸರ್ವರ್‌ಗೆ ಖಾತೆ ಬದಲಿಸಿದರೆ ಫಾಲೋವರ್‌ಗಳೂ ಜೊತೆಗೆ ಬರುತ್ತಾರೆ. ಹಳೇ ಪೋಸ್ಟ್‌ಗಳು ಮಾತ್ರ ಬರುವುದಿಲ್ಲ, ಅದೊಂದು ಕೊರತೆ. ಆದರೆ ಹೊರಡಲು ಉಳಿದ 99 ಜನರನ್ನು ಕಾಯಬೇಕಾಗಿಲ್ಲ. ಬೆಂಗಳೂರಿನ ಕೂ ನೆನಪಿದೆಯಲ್ವಾ? ಮೊದಲು ಕನ್ನಡದಲ್ಲೇ ಶುರುವಾದ ಜಾಲ ಅದು. 2024ರ ಜುಲೈನಲ್ಲಿ ಕಂಪನಿ ಬಾಗಿಲು ಹಾಕಿದಾಗ, ಫಾಲೋವರ್‌ಗಳನ್ನು ಕರೆದುಕೊಂಡು ಹೋಗಲು ಇನ್ನೊಂದು ಕೂ ಇರಲಿಲ್ಲ.

ಬಾಗಿಲು ಹಾಕುವುದೇ ಬೇಡ, ಮಾಲೀಕರು ನಿಯಮ ಬದಲಿಸಿದರೂ ಸಾಕು. 2023ರಲ್ಲಿ ಟ್ವಿಟರ್ ತನ್ನ ಎಪಿಐಯ, ಅಂದರೆ ಬೇರೆ ತಂತ್ರಾಂಶಗಳು ತಾವಾಗಿಯೇ ಪೋಸ್ಟ್ ಹಾಕಲು ಬಳಸುವ ದಾರಿಯ, ಉಚಿತ ಬಳಕೆಯನ್ನು ಮೊಟಕು ಮಾಡಿತು. ಅಮೆರಿಕದ ಹವಾಮಾನ ಇಲಾಖೆಯ ಸುನಾಮಿ ಎಚ್ಚರಿಕೆ ಖಾತೆಗಳಿಗೇ ತಂತಾನೆ ಪೋಸ್ಟ್ ಹಾಕಲು ತೊಡಕಾಯಿತು. ಆಮೇಲೆ ಸರ್ಕಾರಿ ಸೇವೆಗಳಿಗೆ ವಿನಾಯಿತಿ ಸಿಕ್ಕಿತು, ನಿಜ. ಸುಮ್ನೆ ಹವ್ಯಾಸಕ್ಕೆ ಮಳೆ ಲೆಕ್ಕ ಹಾಕುವವರಿಗೆ ವಿನಾಯಿತಿ ಕೊಡಿಸುವವರು ಯಾರು?

ಇಂಥ ಇಕ್ಕಟ್ಟು ಈ ಜಿಲ್ಲೆಗಳಿಗೆ ಹೊಸದೇನಲ್ಲ. ಎಪ್ಪತ್ತರ ದಶಕದ ಶುರುವಿನಲ್ಲಿ ಅಡಿಕೆ ಬೆಲೆ ಕುಸಿದು ಬೆಳೆಗಾರರು ಕಂಗಾಲಾದರು. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಬೆಳೆಗಾರರದ್ದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಖಾಸಗಿ ವ್ಯಾಪಾರಿಗಳೇನೂ ಮಾಯವಾಗಲಿಲ್ಲ, ಇವತ್ತಿಗೂ ಇದ್ದಾರೆ. ಆದರೆ ಬೆಳೆಗಾರನಿಗೆ ಇನ್ನೊಂದು ಬಾಗಿಲು ಇದೆ. ಹಾಗಾಗಿ ಮಾಸ್ಟೊಡಾನ್ ಎಕ್ಸ್ ಅನ್ನು (ಟ್ವಿಟರ್‌ನ ಈಗಿನ ಹೆಸರು) 'ಸೋಲಿಸಲಿಲ್ಲ' ಅಂತ ಮೂಗು ಮುರಿಯುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಹಾಗಂತ ಸಮುದಾಯ ನಡೆಸುವ ಜಾಲ ಪುಕ್ಕಟೆ ಅಲ್ಲ. ಮಣಿಪಾಲದ ಒಬ್ಬರನ್ನು ಐವತ್ತು ಸರ್ವರ್‌ನವರು ಫಾಲೋ ಮಾಡಿದರೆ, ಅವರು ಹಾಕಿದ ಒಂದು ಫೋಟೊದ ಪ್ರತಿ ಐವತ್ತು ಕಡೆ ಕೂರಬಹುದು. ಆ ಜಾಗದ ಬಾಡಿಗೆ ಯಾರೋ ಕಟ್ಟಬೇಕು, ಹೆಚ್ಚಾಗಿ ದೇಣಿಗೆಯಿಂದ. ಫೈರ್‌ಫಾಕ್ಸ್ ಖ್ಯಾತಿಯ ಮೊಜಿಲ್ಲಾ ಕೂಡ ತನ್ನ ಮಾಸ್ಟೊಡಾನ್ ಸರ್ವರನ್ನು 2024ರ ಡಿಸೆಂಬರ್‌ನಲ್ಲಿ ಮುಚ್ಚಿತು. ಮೊದಲೇ ತಿಳಿಸಿದ್ದರಿಂದ ಬಳಕೆದಾರರು ಖಾತೆ ಬದಲಿಸಿಕೊಳ್ಳಬಹುದಿತ್ತು. ಹೇಳದೆ ಕೇಳದೆ ನಿಂತುಹೋದ ಸರ್ವರ್‌ನಿಂದ ಫಾಲೋವರ್‌ಗಳನ್ನೂ ತರಲಾಗುವುದಿಲ್ಲ.

ಹಣಕ್ಕಿಂತ ಜಾಸ್ತಿ ಕಷ್ಟ ಆಳಿನದ್ದು. ದೂರು ಬಂದ ಪೋಸ್ಟ್ ನೋಡಬೇಕು, ಸ್ಪ್ಯಾಮ್ ತೆಗೆಯಬೇಕು, ಅಶ್ಲೀಲ ಚಿತ್ರ ಬಂದರೆ ತಕ್ಷಣ ಅಳಿಸಬೇಕು. ಕನ್ನಡ, ತುಳು, ಕೊಂಕಣಿ, ಬ್ಯಾರಿ ನಾಲ್ಕೂ ಬೆರೆತ ಜಗಳದಲ್ಲಿ ಯಾವುದು ತಮಾಷೆ, ಯಾವುದು ಬೆದರಿಕೆ ಅಂತ ದೂರದ ಕಂಪನಿಯ ತಂತ್ರಾಂಶಕ್ಕಿಂತ ಊರಿನವರಿಗೇ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಊರಿನವರೇ ಆದ್ದರಿಂದ, ಪೋಸ್ಟ್ ಅಳಿಸಿದ ಮರುದಿನ ಮದುವೆ ಮನೆಯಲ್ಲಿ ಅದೇ ಮನುಷ್ಯನ ಪಕ್ಕದಲ್ಲಿ ಊಟಕ್ಕೆ ಕೂರಬೇಕಾಗಿಯೂ ಬರಬಹುದು.