ಧೀಂಗಿಣವೂ ಕಿವಿಯೊಳಗಿನ ದ್ರವವೂ

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಪುಂಡುವೇಷದ, ಎಂದರೆ ಎಳೆಯ ವೀರನ ಪಾತ್ರದ, ಕಲಾವಿದ ಮೈಯನ್ನು ಓರೆಯಾಗಿ ಗಾಳಿಗೆ ಎಸೆದು, ತಿರುಗಿ, ನೆಲ ಮುಟ್ಟಿದ ಕೂಡಲೇ ಮತ್ತೆ ಹಾರಿ, ಧೀಂಗಿಣದ ಮೇಲೆ ಧೀಂಗಿಣ ಹೊಡೆಯುತ್ತ ರಂಗಸ್ಥಳವನ್ನು ಸುತ್ತುತ್ತಾನೆ. ಚೆಂಡೆ ನಿಂತೊಡನೆ ಅವನೂ ನೆಟ್ಟಗೆ ನಿಂತು, ಭಾಗವತರತ್ತ ತಿರುಗಿ, ಅರ್ಥ ಹೇಳತೊಡಗುತ್ತಾನೆ. ಏದುಸಿರು ಇರುತ್ತದೆ; ಹೆಜ್ಜೆ ಮಾತ್ರ ತೂರಾಡುವುದಿಲ್ಲ. ಇದು ವೇಷ ಕಟ್ಟಿದಾಗ ಬರುವ ಆವೇಶ, ದೇವರ ಅನುಗ್ರಹ ಎನ್ನುವವರಿದ್ದಾರೆ. ಅಂಗಳದಲ್ಲಿ ನಾಲ್ಕು ಸುತ್ತು ತಿರುಗಿ ಬಿದ್ದ ಮಗುವಿಗೆ ಪಿತ್ತ ಏರಿದೆ ಎಂದು ಕಷಾಯ ಕುಡಿಸುವವರೂ ಇದ್ದಾರೆ. ಮಗು ಬೀಳುವುದಕ್ಕೂ ಕಲಾವಿದ ಬೀಳದಿರುವುದಕ್ಕೂ ಕಾರಣ ಒಳಕಿವಿಯಲ್ಲಿ ಮತ್ತು ಮಿದುಳಿನಲ್ಲಿದೆ. ಆ ಕಾರಣ ಎಷ್ಟು ಸೊಗಸಾದುದೆಂದರೆ, ಅದನ್ನು ಅರಿಯದೆ ಧೀಂಗಿಣವನ್ನು ಪವಾಡವೆಂದು ಕರೆದುಬಿಡುವುದು ಆ ಕಲಾವಿದನ ದುಡಿಮೆಗೆ ಮಾಡುವ ಅನ್ಯಾಯ.

ಪ್ರತಿ ಒಳಕಿವಿಯಲ್ಲೂ ಒಂದಕ್ಕೊಂದು ಲಂಬವಾಗಿ ಜೋಡಿಸಿಟ್ಟಂತಿರುವ ಮೂರು ಅರೆವೃತ್ತ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ನೀರು ತುಂಬಿದ ಕೊಡಪಾನದಲ್ಲಿ ಒಂದು ಹುಲ್ಲುಕಡ್ಡಿ ತೇಲಿಬಿಟ್ಟು ಕೊಡವನ್ನು ತಟ್ಟನೆ ತಿರುಗಿಸಿ ನೋಡಿ: ಕೊಡ ತಿರುಗುತ್ತದೆ, ಕಡ್ಡಿ ಮೊದಲು ಇದ್ದಲ್ಲೇ ಇರುತ್ತದೆ. ತಿರುಗಿಸುತ್ತಲೇ ಇದ್ದರೆ ನೀರೂ ಕ್ರಮೇಣ ಕೊಡದ ವೇಗವನ್ನು ಹಿಡಿಯುತ್ತದೆ. ಆಗ ಕೊಡವನ್ನು ಗಕ್ಕನೆ ನಿಲ್ಲಿಸಿದರೆ ನೀರು ಮಾತ್ರ ಸುತ್ತುತ್ತಲೇ ಇರುತ್ತದೆ. ಕೊಡದಲ್ಲಿಲ್ಲದ ಒಂದು ವಸ್ತು ಕಿವಿಯ ನಾಳದಲ್ಲಿದೆ. ಪ್ರತಿ ನಾಳದ ಉಬ್ಬಿದ ಭಾಗದಲ್ಲಿ ಕ್ಯುಪುಲಾ ಎಂಬ ಲೋಳೆಯಂಥ ಪರದೆಯೊಂದು ದ್ರವಕ್ಕೆ ಅಡ್ಡಲಾಗಿ ನಿಂತಿದೆ, ಅದರ ಬುಡದಲ್ಲಿ ರೋಮಕೋಶಗಳು ನೆಟ್ಟಿವೆ. ತಲೆ ತಿರುಗಿದಾಗ ಹಿಂದುಳಿದ ದ್ರವವು ಪರದೆಯನ್ನು ಒಂದು ಕಡೆಗೆ ಬಾಗಿಸುತ್ತದೆ, ರೋಮಗಳು ಬಾಗುತ್ತವೆ, ಮಿದುಳಿಗೆ ತಿರುಗುವಿಕೆಯ ಸಂಕೇತ ಹೋಗುತ್ತದೆ. ಒಂದೇ ವೇಗದಲ್ಲಿ ತಿರುಗುತ್ತಿದ್ದರೆ ಪರದೆ ತನ್ನ ಸ್ಥಿತಿಸ್ಥಾಪಕತ್ವದಿಂದ ಮೆಲ್ಲನೆ ನೆಟ್ಟಗಾಗುತ್ತದೆ. ನಿಂತ ಕ್ಷಣದಲ್ಲಿ ಇನ್ನೂ ಚಲಿಸಲೆಳಸುವ ದ್ರವ ಅದನ್ನು ಎದುರು ದಿಕ್ಕಿಗೆ ಬಾಗಿಸುತ್ತದೆ. ಆಗ ಕಾಲು ನೆಲದ ಮೇಲಿದ್ದರೂ, ನೀವು ಹಿಮ್ಮುಖವಾಗಿ ತಿರುಗುತ್ತಿದ್ದೀರಿ ಎಂದು ಕಿವಿ ವರದಿ ಮಾಡುತ್ತದೆ.

ಈ ಸುಳ್ಳು ವರದಿಯನ್ನು ಕಣ್ಣಾರೆ ನೋಡಬಹುದು. ಗಿರಗಿರನೆ ತಿರುಗಿ ಆಗಷ್ಟೇ ನಿಂತ ಮಗುವಿನ ಕಣ್ಣುಗಳನ್ನು ಹತ್ತಿರದಿಂದ ಗಮನಿಸಿದರೆ, ಕರಿಗುಡ್ಡೆಗಳು ಒಂದು ಪಕ್ಕಕ್ಕೆ ನಿಧಾನವಾಗಿ ಜಾರಿ, ಸರಕ್ಕನೆ ಹಿಂದಕ್ಕೆ ಹಾರಿ, ಮತ್ತೆ ಜಾರುತ್ತಿರುವುದು ಕಾಣುತ್ತದೆ. ಮಗು ನೋಡುವ ಗೋಡೆ ಓಡುತ್ತಿರುವುದು ಅದಕ್ಕೇ. ಇದರಲ್ಲಿ ಪಿತ್ತದ ಪಾತ್ರ ಏನೂ ಇಲ್ಲ.

1870ರ ದಶಕದಲ್ಲಿ ವಿಜ್ಞಾನಿಗಳಾದ ಅರ್ನ್ಸ್ಟ್ ಮಾಖ್, ಯೋಸೆಫ್ ಬ್ರಾಯರ್ ಮತ್ತು ಎಡಿನ್‌ಬರೋದ ಕ್ರಂ ಬ್ರೌನ್ ಪ್ರತ್ಯೇಕವಾಗಿಯೇ ನಾಳದ ದ್ರವದ ಈ ತರ್ಕಕ್ಕೆ ಬಂದರು. ಅದಕ್ಕೆ ಬಲ ಕೊಟ್ಟ ಪ್ರಯೋಗ ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿಯದು. ರೋಗಿಗಳ ಕಿವಿ ತೊಳೆಯುವಾಗ ನೀರು ತಣ್ಣಗಿದ್ದರೆ ಕಣ್ಣು ಒಂದು ದಿಕ್ಕಿಗೂ ಬೆಚ್ಚಗಿದ್ದರೆ ಎದುರು ದಿಕ್ಕಿಗೂ ಕುಣಿಯುವುದನ್ನು ಅವರು ಕಂಡರು. ನಾಳದ ಒಂದು ಬದಿಯ ದ್ರವ ತಣಿದೋ ಕಾದೋ ಚಲಿಸಿದರೆ, ಕುರ್ಚಿ ಬಿಟ್ಟು ಏಳದವನಿಗೂ ಲೋಕ ತಿರುಗುತ್ತದೆ ಎಂಬುದು ಅವರ ವಿವರಣೆ. ಈ ಕ್ಷೇತ್ರದ ಕೆಲಸಕ್ಕೆ 1914ರ ನೊಬೆಲ್ ಪ್ರಶಸ್ತಿ ಸಂದಾಗ ಬಾರಾನಿ ರಷ್ಯಾದಲ್ಲಿ ಯುದ್ಧಕೈದಿಯಾಗಿದ್ದರು.

ಹಾಗಾದರೆ ನರ್ತಕರ ಕಿವಿಯಲ್ಲಿ ದ್ರವ ಇಲ್ಲವೇ? ಇದೆ, ಭೌತಶಾಸ್ತ್ರ ಅವರಿಗೆ ರಿಯಾಯಿತಿ ಕೊಡುವುದಿಲ್ಲ. ಕಥಕ್ ಕಲಾವಿದರು ಚಕ್ಕರ್ ಹಾಕುವಾಗ ಎದುರಿನ ಒಂದು ಬಿಂದುವಿನಲ್ಲಿ ದೃಷ್ಟಿ ನೆಟ್ಟು, ಮೈ ತಿರುಗಿದರೂ ಮುಖವನ್ನು ಆದಷ್ಟು ಹೊತ್ತು ಅಲ್ಲೇ ಉಳಿಸಿ, ಕೊನೆಗೆ ಚಕ್ಕನೆ ತಿರುಗಿಸಿ ಮತ್ತೆ ಅದೇ ಬಿಂದುವಿಗೆ ತರುತ್ತಾರೆ. ಹೀಗೆ ತಲೆ ನಿಂತು ನಿಂತು ತಿರುಗುವುದರಿಂದ ಕಣ್ಣಿಗೆ ಪ್ರತಿ ಸುತ್ತಿನಲ್ಲೂ ಒಂದು ಆಸರೆ ಸಿಗುತ್ತದೆ. ಯಕ್ಷಗಾನದ ಕಲಾವಿದನಿಗೆ ಈ ಉಪಾಯ ಅಷ್ಟಾಗಿ ಒದಗಲಾರದು ಎಂಬುದು ನನ್ನ ಅನಿಸಿಕೆ. ಬಿಗಿದು ಕಟ್ಟಿದ ಕಿರೀಟ ಹೊತ್ತ ತಲೆಯನ್ನು ಹಾಗೆ ಸೆಳೆಯುವುದು ಕಷ್ಟ. ಮೇಲಾಗಿ ಧೀಂಗಿಣದಲ್ಲಿ ಮೈ ಓರೆಯಾಗುವುದರಿಂದ ಒಂದಲ್ಲ, ಹಲವು ನಾಳಗಳು ಒಟ್ಟಿಗೇ ಕಲಕುತ್ತವೆ. ಉತ್ತರದ ಶೈಲಿಯಾದ ಬಡಗುತಿಟ್ಟಿನಲ್ಲಿ ಮಂಡಿಯೂರಿ ಗಿರಗಿರನೆ ಸುತ್ತುವವರಿಗೂ ಕಿರೀಟದ ಭಾರ ತಪ್ಪಿದ್ದಲ್ಲ. ಅಲ್ಲಿ ನೆರವಿಗೆ ಬರಬೇಕಾದುದು ಬಹುಮಟ್ಟಿಗೆ ಮಿದುಳೇ.

ಅದು ಹೇಗೆಂಬುದರ ಸುಳಿವು 2013ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಅಧ್ಯಯನವೊಂದರಿಂದ ಸಿಕ್ಕಿತು. 29 ಬ್ಯಾಲೆ ನರ್ತಕಿಯರನ್ನೂ ಅಷ್ಟೇ ದೃಢಕಾಯರಾದ 20 ದೋಣಿ ಹುಟ್ಟುಗಾರ್ತಿಯರನ್ನೂ ಕತ್ತಲ ಕೋಣೆಯಲ್ಲಿ ಕುರ್ಚಿಯ ಮೇಲೆ ತಿರುಗಿಸಿ ನಿಲ್ಲಿಸಿ, ಇನ್ನೂ ತಿರುಗುತ್ತಿರುವಂತೆ ಎಷ್ಟು ಹೊತ್ತು ಅನ್ನಿಸುತ್ತದೆ ಎಂದು ಅಳೆದರು. ನರ್ತಕಿಯರಲ್ಲಿ ಆ ಭ್ರಮೆ ಬೇಗ ಅಳಿಯಿತು. ಹುಟ್ಟುಗಾರ್ತಿಯರಲ್ಲಿ ಕಣ್ಣಿನ ಚಲನೆಗೂ ತಿರುಗುತ್ತಿರುವ ಅನಿಸಿಕೆಗೂ ಇದ್ದ ನಂಟು ನರ್ತಕಿಯರಲ್ಲಿ ಸಡಿಲಗೊಂಡಿತ್ತು. ಒಳಕಿವಿಯ ಸಂಕೇತಗಳನ್ನು ಸಂಸ್ಕರಿಸುವ ಕಿರುಮಿದುಳಿನ ಒಂದು ಭಾಗವೂ ಅವರಲ್ಲಿ ಚಿಕ್ಕದಾಗಿತ್ತು. ಕಿವಿ ಎಂದಿನಂತೆ ವರದಿ ಕಳಿಸುತ್ತದೆ. ವರ್ಷಗಟ್ಟಲೆ ಪಳಗಿದ ಮಿದುಳು ಅದಕ್ಕೆ ಕೊಡುವ ಬೆಲೆಯನ್ನು ತಗ್ಗಿಸಿರುತ್ತದೆ. ಆ ಅಧ್ಯಯನ ನಡೆದದ್ದು ಬ್ಯಾಲೆಯವರ ಮೇಲೆ. ಆದರೆ ದೀಪಾವಳಿ ಕಳೆದು ಗೆಜ್ಜೆ ಕಟ್ಟಿದರೆ ಮೇ ತಿಂಗಳ ಕೊನೆಯ ಪತ್ತನಾಜೆಗೆ ಬಿಚ್ಚುವವರೆಗೆ ರಾತ್ರಿ ರಾತ್ರಿ ಕುಣಿಯುವ ಮೇಳದ ಕಲಾವಿದರಲ್ಲೂ ಇಂಥದೇ ಪಳಗುವಿಕೆ ನಡೆಯುತ್ತದೆ ಎಂದು ನಂಬಲು ನನಗೆ ಯಾವ ಅಡ್ಡಿಯೂ ಕಾಣದು. ಕುಣಿತ ಅವರಿಗೆ ಬದುಕೂ ಹೌದು, ಮಿದುಳನ್ನು ದಿನವೂ ತಿದ್ದುವ ಉಳಿಯೂ ಹೌದು.

1940ರ ದಶಕದಲ್ಲಿ ಬ್ರಿಟನ್ನಿನ ವೈದ್ಯರಾದ ಕಾಥಾರ್ನ್ ಮತ್ತು ಕುಕ್ಸಿ, ತಲೆಸುತ್ತಿನಿಂದ ಬಳಲುವವರನ್ನು ಹಾಸಿಗೆಗೆ ಕಟ್ಟಿಹಾಕದೆ, ಮೊದಲು ಕಣ್ಣು, ಆಮೇಲೆ ತಲೆ, ಬಳಿಕ ಇಡೀ ಮೈ, ಕೊನೆಗೆ ಕಣ್ಣು ಮುಚ್ಚಿ ನಡಿಗೆ ಎಂಬ ಕ್ರಮದಲ್ಲಿ ವ್ಯಾಯಾಮಗಳನ್ನು ರೂಪಿಸಿದರು. ಅವುಗಳ ಹಿಂದಿರುವ ತತ್ತ್ವವೂ ಇದೇ ಪಳಗುವಿಕೆ. ಒಳಕಿವಿಯ ಸುಣ್ಣದ ಹರಳುಗಳು ಸ್ಥಾನ ತಪ್ಪಿ ನಾಳದೊಳಗೆ ಜಾರುವುದರಿಂದ ಬರುವ ತಲೆಸುತ್ತು ಬೇರೆ. ಅದು ನುರಿತ ನರ್ತಕರನ್ನೂ ಬಿಡುವುದಿಲ್ಲ. ಮಗ್ಗುಲು ಬದಲಿಸಿದಾಗಲೆಲ್ಲ ಕೋಣೆಯೇ ಸುತ್ತಿದಂತಾಗುವ ಈ ತೊಂದರೆಗೆ ಪಿತ್ತದ ಮದ್ದು ನುಂಗುತ್ತ ತಿಂಗಳು ಕಳೆಯುವವರನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. ಕಿವಿ-ಮೂಗು-ಗಂಟಲು ವೈದ್ಯರು ತಲೆಯನ್ನು ನಿಗದಿತ ಕ್ರಮದಲ್ಲಿ ಹೊರಳಿಸಿ ಆ ಹರಳುಗಳನ್ನು ನಾಳದಿಂದ ಹೊರಕ್ಕೆ ಜಾರಿಸಬಲ್ಲರು, ಎಷ್ಟೋ ಮಂದಿಗೆ ಒಂದೇ ಭೇಟಿಯಲ್ಲಿ.